ಓಟು ಮೊದಲು, ವಿಳಾಸ ಆಮೇಲೆ: ಮುಂಬೈಯಲ್ಲಿ ಸರ್ಕಾರ ಹೇಗೆ ಕಾಣುತ್ತದೆ?

ಮುಂಬೈ ಮಹಾನಗರ ಪಾಲಿಕೆ ಇವತ್ತಿಗೂ ನಡೆಯುತ್ತಿರುವುದು 1888ರ ಕಾಯ್ದೆಯ ಮೇಲೆ. ತಿದ್ದುಪಡಿಗಳು ಬೇಕಾದಷ್ಟು ಆಗಿವೆ, ಬುಡ ಮಾತ್ರ ಅದೇ. ಜನ 227 ನಗರಸೇವಕರನ್ನು ಆರಿಸಿ ಕಳಿಸುತ್ತಾರೆ. ಅವರು ಮೇಯರ್‌ನ ಆರಿಸುತ್ತಾರೆ. ಮೇಯರ್‌ಗೆ ಹಾರ ತುರಾಯಿ ಜಾಸ್ತಿ, ಅಧಿಕಾರ ಕಡಿಮೆ. ಆಡಳಿತದ ಲಗಾಮು ಇರುವುದು ಆಯುಕ್ತರ ಕೈಲಿ, ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. 2022ರ ಮಾರ್ಚ್‌ನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಯುಕ್ತರೇ ಆಡಳಿತಾಧಿಕಾರಿಯಾಗಿ ಕೂತರು. ಊರೇನೂ ನಿಲ್ಲಲಿಲ್ಲ. ಈ ಕಾಯ್ದೆ ಹುಟ್ಟಿದ್ದೇ ಹಾಗೆ ನಡೆಸುವುದಕ್ಕೆ, ಅಲ್ವಾ?

1888ರ ಮುಂಬೈಯಲ್ಲಿ ಪಾಲಿಕೆಗೆ ಓಟು ಹಾಕುತ್ತಿದ್ದವರು ತೆರಿಗೆ ಕಟ್ಟುವ ಸ್ಥಿತಿವಂತರು. ಗಿರಣಿ ಕೂಲಿ, ಹಮಾಲಿ, ಹೋಟೆಲ್ ಮಾಣಿ ಇವರಿಗೆಲ್ಲ ಅದರಲ್ಲಿ ಜಾಗ ಇರಲಿಲ್ಲ. ಅವರನ್ನು ಎಣಿಸಬೇಕು, ರೋಗ ಹರಡದಂತೆ ನೋಡಿಕೊಳ್ಳಬೇಕು, ಗಲಾಟೆ ಮಾಡದಂತೆ ಕಾಯಬೇಕು, ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೆ ಎಲ್ಲರಿಗೂ ಓಟು ಸಿಕ್ಕಿತು. ಆದರೆ ಊರಿನ ಕಾನೂನಿನಲ್ಲಿ ಅವರ ಮನೆಗೆ ವಿಳಾಸ ಸಿಗಲಿಲ್ಲ. ಗುಡಿಸಲು ಆಗಲೂ ಒತ್ತುವರಿ, ಈಗಲೂ ಒತ್ತುವರಿ. ಓಟು ಇದೆ, ವಿಳಾಸ ಇಲ್ಲ. ಈ ಎರಡರ ನಡುವೆ ಜನ ಹೇಗೆ ಬದುಕುತ್ತಾರೆ, ಸರ್ಕಾರ ಅವರನ್ನು ಹೇಗೆ ಆಳುತ್ತದೆ ಅನ್ನುವುದನ್ನೇ ವಸಾಹತೋತ್ತರ, ಅಂದರೆ ಪರರ ಆಳ್ವಿಕೆ ಮುಗಿದ ಮೇಲಿನ, ರಾಜಕೀಯದ ಮಾನವಶಾಸ್ತ್ರ ಹುಡುಕುವುದು. ಹೆಸರು ಭಾರ. ವಿಷಯ ನಮ್ಮ ಗಲ್ಲಿಯದ್ದೇ.

ಇದು ಬರೀ ಮುಂಬೈಯವರ ಕಥೆ ಅಂದುಕೊಳ್ಳಬೇಡಿ. ಬೆಳಗಾವಿ, ವಿಜಯಪುರ, ಧಾರವಾಡದ ಮಂದಿಯನ್ನು 1956ರವರೆಗೆ ಆಳಿದ್ದು ಮುಂಬೈಯೇ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಆದರೆ ಅಲ್ಲಿಯ ಹುಡುಗರು ಹೊಟ್ಟೆಪಾಡಿಗೆ ಹಡಗು ಹತ್ತಿದ್ದು ಮುಂಬೈಗೇ. ಗೋವಾಕ್ಕೆ ಹೋದವರಿಗೆ ಇನ್ನೊಂದು ಸಾಮ್ರಾಜ್ಯದ ನೆರಳು ಸಿಕ್ಕಿತು. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಮದುವೆ, ಆಸ್ತಿ ವಿಷಯದಲ್ಲಿ ಇನ್ನೂ ಜೀವಂತ.

ಬುಡಕಟ್ಟಿನಿಂದ ಸರ್ಕಾರಿ ಕೌಂಟರಿಗೆ

ಮೊದಲು ಮಾನವಶಾಸ್ತ್ರಜ್ಞರಿಗೆ ರಾಜಕೀಯ ಅಂದರೆ ಬುಡಕಟ್ಟಿನ ರಾಜಕೀಯ. 1940ರಲ್ಲಿ ಇವಾನ್ಸ್ ಪ್ರಿಚರ್ಡ್ ಮತ್ತು ಮೇಯರ್ ಫೋರ್ಟಿಸ್ ಆಫ್ರಿಕದ ರಾಜಕೀಯ ವ್ಯವಸ್ಥೆಗಳ ಬಗ್ಗೆ ಒಂದು ಸಂಪುಟ ತಂದರು. ರಾಜ, ಪೊಲೀಸ್, ಕೋರ್ಟ್ ಯಾವುದೂ ಇಲ್ಲದ ನ್ಯೂಯೆರ್‌ನಂಥ ಜನ ತಮ್ಮತಮ್ಮಲ್ಲೇ ಹೇಗೆ ಶಿಸ್ತು ಇಟ್ಟುಕೊಳ್ಳುತ್ತಾರೆ ಅನ್ನುವುದು ಅಲ್ಲಿಯ ದೊಡ್ಡ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಆದರೆ ಆ ಜನರ ತಲೆಯ ಮೇಲೆ ಕೂತಿದ್ದ ಬ್ರಿಟಿಷ್ ಸರ್ಕಾರವನ್ನೇ ಸಂಶೋಧನೆಯ ವಸ್ತು ಮಾಡಬೇಕು ಅಂತ ಆಗ ಹೆಚ್ಚಿನವರಿಗೆ ಹೊಳೆಯಲಿಲ್ಲ. ಸಂಶೋಧನೆಗೆ ದುಡ್ಡು, ಪರವಾನಗಿ ಎರಡೂ ಆ ಕಡೆಯಿಂದಲೇ ಬರಬೇಕಿತ್ತಲ್ಲ.

ದೇಶಗಳು ಸ್ವತಂತ್ರ ಆದಮೇಲೆ ಪ್ರಶ್ನೆಯೂ ತಿರುಗಿತು. ಇಲ್ಲಿ ನಮ್ಮವರೇ ಒಬ್ಬರು ಬರುತ್ತಾರೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಬಾಂಬೆ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಕೈಕೆಳಗೆ ಓದಿ, ಆಮೇಲೆ ಆಕ್ಸ್‌ಫರ್ಡ್‌ಗೆ ಹೋದವರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಠಿಕಾಣಿ ಹಾಕಿ, ಅದಕ್ಕೆ ರಾಂಪುರ ಅಂತ ಬದಲಿ ಹೆಸರಿಟ್ಟು ಬರೆದರು. ಪ್ರಬಲ ಜಾತಿ, ಅಂದರೆ ಸಂಖ್ಯೆ, ಜಮೀನಿನ ಬಲದಿಂದ ಊರನ್ನು ಹಿಡಿತದಲ್ಲಿಟ್ಟುಕೊಂಡ ಜಾತಿ ಅನ್ನುವ ಕಲ್ಪನೆ ಅವರದು. ಓಟ್ ಬ್ಯಾಂಕ್ ಅನ್ನುವುದನ್ನು 1950ರ ದಶಕದಲ್ಲಿ ಬಳಕೆಗೆ ತಂದವರೂ ಅವರೇ. ಟಿವಿ ಚರ್ಚೆಯಲ್ಲಿ ಇವತ್ತು ಅದು ಬೈಗುಳ. ಶ್ರೀನಿವಾಸ್ ಕಂಡಿದ್ದು ಬೇರೆ: ತನ್ನನ್ನು ನಂಬಿಕೊಂಡ ಒಕ್ಕಲು, ಸಾಲಗಾರರು, ನೆಂಟರ ಓಟುಗಳನ್ನು ಒಟ್ಟಿಗೆ ಹಾಕಿಸಬಲ್ಲ ಊರ ಯಜಮಾನ. ಆ ಯಜಮಾನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದರೆ ಏನಾಗುತ್ತಾನೆ ಅನ್ನುವುದಕ್ಕೆ ಮುಂಬೈ ಒಳ್ಳೆಯ ಜಾಗ.

ಹಳೆ ಬ್ರಿಟಿಷ್ ಸರ್ಕಾರ ಎಲ್ಲೆಲ್ಲಿ ಉಳಿದಿದೆ ಅನ್ನುವುದನ್ನೂ ಮಾನವಶಾಸ್ತ್ರಜ್ಞರು ಹುಡುಕತೊಡಗಿದರು. ಒಂದು ಉದಾಹರಣೆ ಸಾಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು ಮನೆಗೆ ನುಗ್ಗಿ ತಪಾಸಣೆ ಮಾಡಬಹುದು, ರೋಗಿಯನ್ನು ಎಳೆದೊಯ್ಯಬಹುದು. ಪುಣೆಯಲ್ಲಿ ಜನ ಎಷ್ಟು ರೊಚ್ಚಿಗೆದ್ದರು ಅಂದರೆ, ಅದೇ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. 1898ರಲ್ಲಿ ಮುಂಬೈಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂದು, ಇಕ್ಕಟ್ಟಾದ ಬಡವರ ಕೇರಿಗಳನ್ನು ಕೆಡವಿ ಅಗಲ ರಸ್ತೆ ಮಾಡಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ರಾಜ್ಯ ಸರ್ಕಾರಗಳು ಕೈಗೆತ್ತಿಕೊಂಡಿದ್ದು ಅದೇ 1897ರ ಕಾಯ್ದೆ.

ಎಣಿಕೆಯೂ ಹಾಗೇ. ಬರ್ನಾರ್ಡ್ ಕೋನ್ ಎಂಬ ಮಾನವಶಾಸ್ತ್ರಜ್ಞ ತೋರಿಸಿಕೊಟ್ಟ ಹಾಗೆ, ಬ್ರಿಟಿಷರ ಜನಗಣತಿ ಇದ್ದ ಜಾತಿಗಳನ್ನು ಸುಮ್ನೆ ಬರೆದುಕೊಳ್ಳಲಿಲ್ಲ. ಕಾಲಂ ಹಾಕಿ, ಪಟ್ಟಿ ಮಾಡಿ, ಮೇಲು ಕೆಳಗು ಜೋಡಿಸಿ ಅವನ್ನು ಇನ್ನಷ್ಟು ಗಟ್ಟಿ ಮಾಡಿತು. ಪಟ್ಟಿ ಬಂದ ಮೇಲೆ ಪಟ್ಟಿಯಲ್ಲಿರುವವರು ಸಂಘ ಕಟ್ಟಿ ಅರ್ಜಿ ಹಾಕಿದರು. ಮುಂಬೈ ಕನ್ನಡಿಗರ ದೊಡ್ಡ ಸಂಘಗಳನ್ನೇ ನೋಡಿ: ಮೊಗವೀರ ವ್ಯವಸ್ಥಾಪಕ ಮಂಡಳಿ 1902, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಷನ್ 1932. ಇವೆಲ್ಲ ಜನಗಣತಿಯಿಂದ ಹುಟ್ಟಿದವು ಅಂತ ನಾನು ಹೇಳುತ್ತಿಲ್ಲ. ಊರು ಬಿಟ್ಟು ಬಂದ ಹುಡುಗನಿಗೆ ಮಲಗುವ ಜಾಗ, ರಾತ್ರಿ ಶಾಲೆ, ಸಾಲ, ಸತ್ತರೆ ಹೆಣ ಊರಿಗೆ ಕಳಿಸುವ ವ್ಯವಸ್ಥೆ ಬೇಕಿತ್ತು. ಪಾಲಿಕೆಗೆ ಅವನು ಕಾಣುತ್ತಿರಲಿಲ್ಲ, ಸಂಘಕ್ಕೆ ಕಾಣುತ್ತಿದ್ದ. ಸರ್ಕಾರ ಮಾಡಬೇಕಾದ ಕೆಲಸದ ಒಂದು ಪಾಲು ಜಾತಿ ಸಂಘದ ಕೈಗೆ ಹೋಗಿದ್ದು ಹೀಗೆ.

ಪ್ಲಾಸ್ಟಿಕ್ ಕವರ್‌ನಲ್ಲಿ ಪೌರತ್ವ

ಈಗ ಸಿದ್ಧಾಂತದ ಗಂಟಿಗೆ ಬರೋಣ. ಕೋಲ್ಕತ್ತದ ಪಾರ್ಥ ಚಟರ್ಜಿ 2004ರಲ್ಲಿ ಒಂದು ವಾದ ಮಂಡಿಸಿದರು. ಕಾಗದದ ಮೇಲೆ ನಾವೆಲ್ಲ ಹಕ್ಕುಳ್ಳ ಪೌರರು. ವಾಸ್ತವದಲ್ಲಿ ಕಾನೂನಿನ ಭಾಷೆಯಲ್ಲಿ ಮಾತಾಡಿ ಹಕ್ಕು ಪಡೆಯುವವರು ಸ್ವಲ್ಪವೇ ಜನ. ಇದು ನಾಗರಿಕ ಸಮಾಜ. ಉಳಿದವರು ಸರ್ಕಾರದ ಕಣ್ಣಿಗೆ ಜನಸಂಖ್ಯೆಯ ಗುಂಪುಗಳು: ಕೊಳೆಗೇರಿಯವರು, ಬೀದಿ ವ್ಯಾಪಾರಿಗಳು, ಬಡತನ ರೇಖೆಯ ಕೆಳಗಿನವರು. ಅವರ ಬದುಕಿನ ತಳಹದಿಯೇ ಎಷ್ಟೋ ಸಲ ಕಾನೂನಿನ ಪ್ರಕಾರ ತಪ್ಪು. ಹಾಗಾಗಿ ಅವರು ಹಕ್ಕು ಕೇಳುವುದಿಲ್ಲ, ವಿನಾಯಿತಿ ಕೇಳುತ್ತಾರೆ. ಗುಂಪಾಗಿ ಹೋಗುತ್ತಾರೆ, ಚುನಾವಣೆ ಹತ್ತಿರ ಇದ್ದಾಗ ಹೋಗುತ್ತಾರೆ, ನಡುವೆ ಒಬ್ಬರನ್ನು ಇಟ್ಟುಕೊಂಡು ಹೋಗುತ್ತಾರೆ. ಇದನ್ನು ಅವರು ರಾಜಕೀಯ ಸಮಾಜ ಅಂತ ಕರೆದರು. ಚಟರ್ಜಿ ಕೊಟ್ಟ ಉದಾಹರಣೆ ಕೋಲ್ಕತ್ತದ ರೈಲು ಹಳಿ ಪಕ್ಕದ ಗುಡಿಸಲುಗಳು. ರೈಲ್ವೆ ಜಾಗ, ಆದರೂ ಕರೆಂಟು, ನೀರು, ಸಂಘ, ಎಲ್ಲ ಇದೆ. ಯಾವುದೂ ಹಕ್ಕಿನಿಂದ ಬಂದದ್ದಲ್ಲ.

ಮುಂಬೈಯಲ್ಲಿ ಇದನ್ನು ನೋಡಬೇಕಾದರೆ ಧಾರಾವಿಯ ಯಾವುದಾದರೂ ಮನೆಗೆ ಹೋಗಿ. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಎರಡು ಮೂರು ತಲೆಮಾರು ಆದ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಹತ್ತಡಿ ಹತ್ತಡಿ ಕೋಣೆ. ಗೋಡೆಯ ಮೇಲಿನ ಹಲಗೆಯಲ್ಲಿ ದೇವರ ಫೋಟೋ ಪಕ್ಕ, ಮಳೆನೀರು ತಾಗದ ಎತ್ತರದಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಕವರ್. ಅದರೊಳಗೆ ಫೋಟೋಪಾಸ್ (ಕೊಳೆಗೇರಿಯವರಿಗೆ ಸರ್ಕಾರ ಕೊಟ್ಟ ಗುರುತಿನ ಚೀಟಿ), ಅಂಚು ಹರಿದ ರೇಷನ್ ಕಾರ್ಡ್, 1995ರ ಮತದಾರರ ಪಟ್ಟಿಯ ಒಂದು ಪುಟ, ದಂಡದ ಪಾವತಿಗಳು, ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ. ಹೆಸರು ಒಂದು ಕಡೆ ಶರಣಪ್ಪ, ಇನ್ನೊಂದು ಕಡೆ ಶರನಬಾ ಅಂತ ಇರುತ್ತದೆ. ಬರೆದುಕೊಂಡ ಗುಮಾಸ್ತನ ಕಿವಿಗೆ ಕೇಳಿಸಿದ್ದೇ ಸರ್ಕಾರಿ ಸತ್ಯ. ಈ ಎಲ್ಲವನ್ನೂ ಸೇರಿಸಿ ಮನೆಯವರು ಹೇಳುವುದು ಒಂದೇ ಮಾತು: ಪ್ರೂಫ್.

ಯಾಕೆ ಇಷ್ಟು ಕಾಗದ? ಯಾಕೆಂದರೆ ಇಲ್ಲಿ ಮನೆ ಉಳಿಯುವುದು ಕಟ್‌ಆಫ್ ತಾರೀಖಿನ ಮೇಲೆ: ಆ ದಿನಕ್ಕಿಂತ ಮೊದಲೇ ಇಲ್ಲಿದ್ದೆವು ಅಂತ ತೋರಿಸಬೇಕು. 1976ರ ಜನವರಿಯಲ್ಲಿ ಕೊಳೆಗೇರಿಗಳ ಗಣತಿ ಮಾಡಿ, ಎಣಿಕೆಯಲ್ಲಿ ಸಿಕ್ಕವರಿಗೆ ಫೋಟೋಪಾಸ್ ಕೊಟ್ಟರು. ಸಿಗದವರು ಹೊರಗೆ. ಆಮೇಲೆ ಗೆರೆ 1980ಕ್ಕೆ ಸರಿಯಿತು, 1985ಕ್ಕೆ ಸರಿಯಿತು, 1995ರ ಜನವರಿ 1ಕ್ಕೆ, ಮುಂದೆ 2000ದ ಜನವರಿ 1ಕ್ಕೆ. ದುಡ್ಡು ಕಟ್ಟಿದರೆ 2011ರವರೆಗೂ. ಚುನಾವಣೆ ಬಂದಾಗಲೆಲ್ಲ ಗೆರೆ ಸರಿಸುವ ಭರವಸೆ ಬರುತ್ತದೆ. ಗೆರೆಯ ಒಳಗಿದ್ದರೆ ಪಾತ್ರ, ಅಂದರೆ ಅರ್ಹ; ಹೊರಗಿದ್ದರೆ ಅಪಾತ್ರ, ಅನರ್ಹ. ಪಟ್ಟಿ ಹೊರಬಿದ್ದ ದಿನ ಕನ್ನಡದವರೂ ಈ ಮರಾಠಿ ಮಾತುಗಳಲ್ಲೇ ಒಬ್ಬರನ್ನೊಬ್ಬರು ವಿಚಾರಿಸುವುದು.

ಕೋರ್ಟು ಕೂಡ ಈ ಗೆರೆಯನ್ನು ಅಳಿಸಲಿಲ್ಲ. 1981ರಲ್ಲಿ ಮುಖ್ಯಮಂತ್ರಿ ಅಂತುಲೆ ಫುಟ್‌ಪಾತ್ ವಾಸಿಗಳನ್ನು ಎತ್ತಿ ಅವರವರ ಊರಿಗೆ ಕಳಿಸಿ ಎಂದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಕೋರ್ಟಿಗೆ ಹೋದರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಓದುವ ಹುಡುಗರು ಈ ಸಾಲನ್ನು ಬಾಯಿಪಾಠ ಮಾಡುತ್ತಾರೆ. ಅದೇ ತೀರ್ಪು ಫುಟ್‌ಪಾತ್ ತೆರವು ಮಾಡಬಹುದು ಅಂತಲೂ ಹೇಳಿತ್ತು. ಮಳೆಗಾಲ ಮುಗಿಯುವವರೆಗೆ ತಡೆಯಿರಿ, 1976ರ ಗಣತಿ ಕಾರ್ಡ್ ಇದ್ದವರಿಗೆ ಬೇರೆ ಜಾಗ ಕೊಡಿ ಎಂದಿತು. ಹಕ್ಕು ಎಲ್ಲರಿಗೂ, ಜಾಗ ಮಾತ್ರ ಕಾರ್ಡ್ ಇದ್ದವರಿಗೆ.

ಇಲ್ಲಿಂದ ಕಥೆ ಕುತೂಹಲಕ್ಕೆ ತಿರುಗುತ್ತದೆ. ಜೋಕಿನ್ ಅರ್ಪುತಂ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ತಮಿಳರು. ಅರವತ್ತರ ದಶಕದಲ್ಲಿ ಮುಂಬೈಗೆ ಬಂದು, ಟ್ರಾಂಬೆ ಕಡೆಯ ಜನತಾ ಕಾಲೊನಿಯಲ್ಲಿ ಉಳಿದರು. ಕಸ ಎತ್ತಲು ಪಾಲಿಕೆಯವರು ಬರುತ್ತಿರಲಿಲ್ಲ. ಜೋಕಿನ್ ಮಕ್ಕಳನ್ನು ಕೂಡಿಸಿಕೊಂಡು ಕಸ ಹೊತ್ತುಕೊಂಡು ಹೋಗಿ ಪಾಲಿಕೆ ಕಚೇರಿ ಮುಂದೆಯೇ ಸುರಿಸಿದರು. ಆಮೇಲೆ ಪಾಲಿಕೆಯವರು ಬಂದರು. ಆದರೆ ತುರ್ತು ಪರಿಸ್ಥಿತಿಯ ಹೊತ್ತಲ್ಲಿ, 1976ರಲ್ಲಿ, ಪರಮಾಣು ಕೇಂದ್ರಕ್ಕೆ ಜಾಗ ಬೇಕು ಅಂತ ಸುಮಾರು 70,000 ಜನರ ಆ ಕಾಲೊನಿಯನ್ನೇ ಕೆಡವಿ, ಎಲ್ಲರನ್ನೂ ಚೀತಾ ಕ್ಯಾಂಪ್‌ಗೆ ಸಾಗಿಸಿದರು. ಆ ಏಟಿನಿಂದ ಜೋಕಿನ್ ಕಲಿತ ಪಾಠ: ಲೆಕ್ಕ ಅವರ ಹತ್ತಿರ ಇದ್ದರೆ ಅವರು ಹೇಳಿದ್ದೇ ಲೆಕ್ಕ. ಅವರ ಕೊಳೆಗೇರಿ ನಿವಾಸಿಗಳ ಒಕ್ಕೂಟ, 1984ರಲ್ಲಿ ಹುಟ್ಟಿದ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಫುಟ್‌ಪಾತ್ ಹೆಂಗಸರ ಗುಂಪಾದ ಮಹಿಳಾ ಮಿಲನ್ ಒಟ್ಟಾಗಿ ತಾವೇ ಎಣಿಕೆ ಶುರುಮಾಡಿದವು. ಫುಟ್‌ಪಾತ್ ಹೆಂಗಸರು ಬಾಗಿಲಿಗೆ ನಂಬರ್ ಹಾಕಿ, ಯಾರು ಯಾವಾಗ ಬಂದರು, ಏನು ಕೆಲಸ ಮಾಡುತ್ತಾರೆ ಅಂತ ಬರೆದುಕೊಂಡು, ಆ ಪಟ್ಟಿ ಹಿಡಿದು ಅಧಿಕಾರಿಗಳ ಮುಂದೆ ಕೂತರು. ಮುಂಬೈಯಲ್ಲೇ ಬೆಳೆದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2001ರಲ್ಲಿ ಇದನ್ನು ವಿವರಿಸುತ್ತಾ, ಆಳುವವರ ಉಪಕರಣ ಆಳಿಸಿಕೊಳ್ಳುವವರ ಕೈಗೆ ಬಂದಿದೆ ಅನ್ನುವ ಅರ್ಥದ ಮಾತು ಹೇಳಿದರು. ಬ್ರಿಟಿಷರ ಗಣತಿಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ.

ಚಾವಿ ಯಾರ ಕೈಲಿ?

ಮುಂಬೈಗೆ ಏಳು ಕೆರೆಗಳಿಂದ ದಿನಕ್ಕೆ ಸುಮಾರು 3,800 ದಶಲಕ್ಷ ಲೀಟರ್ ನೀರು ಬರುತ್ತದೆ. ವಿಹಾರ್ ಕೆರೆ 1860ರದ್ದು. ನೀರು ಇಡೀ ದಿನ ಎಲ್ಲ ಕಡೆ ಹರಿಯುವುದಿಲ್ಲ. ಒಂದೊಂದು ಪ್ರದೇಶಕ್ಕೆ ಒಂದೊಂದು ಹೊತ್ತು. ರಸ್ತೆಯ ಕೆಳಗಿನ ವಾಲ್ವ್‌ಗಳನ್ನು ಉದ್ದ ಚಾವಿ ಹಾಕಿ ತಿರುಗಿಸುವವನು ಚಾವಿವಾಲಾ. ಅವನು ಎಷ್ಟು ಸುತ್ತು ತಿರುಗಿಸಿದ, ಎಷ್ಟು ಹೊತ್ತಿಗೆ ಮುಚ್ಚಿದ ಅನ್ನುವುದರ ಮೇಲೆ ಗಲ್ಲಿಯ ಹೆಂಗಸರ ನಿದ್ದೆ ನಿಂತಿದೆ. ಬೆಳಿಗ್ಗೆ ನಾಲ್ಕಕ್ಕೆ ನೀರು ಬಂದರೆ ನಾಲ್ಕಕ್ಕೇ ಏಳಬೇಕು.

ನಿಖಿಲ್ ಆನಂದ್ ಜೋಗೇಶ್ವರಿಯಲ್ಲಿ, ಲಿಸಾ ಬ್ಯೋರ್ಕ್‌ಮನ್ ಗೋವಂಡಿಯ ಶಿವಾಜಿನಗರದಲ್ಲಿ ಈ ನೀರಿನ ಬೆನ್ನು ಹತ್ತಿದ ಸಂಶೋಧಕರು. ಎಂಜಿನಿಯರ್, ಪ್ಲಂಬರ್, ನಗರಸೇವಕ, ಗಲ್ಲಿಯ ಕಾರ್ಯಕರ್ತರು, ಎಲ್ಲರ ಹಿಂದೆ ಸುತ್ತಿದರು. ಇಬ್ಬರ ಬರಹದಲ್ಲೂ ಎದ್ದು ಕಾಣುವ ಒಂದು ಸಂಗತಿಯಿದೆ. ನೆಲದಡಿಯ ಪೈಪಿನ ಪೂರ್ತಿ ನಕ್ಷೆ ಯಾರ ಹತ್ತಿರವೂ ಇಲ್ಲ. ಎಂಜಿನಿಯರ್ ಕೂಡ ಸ್ಥಳೀಯರನ್ನು ಕೇಳಿ, ಅಗೆದು ನೋಡಿ, ಅಂದಾಜು ಮಾಡುತ್ತಾನೆ. ಸರ್ಕಾರ ಎಲ್ಲವನ್ನೂ ನೋಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಸರ್ಕಾರವೇ ಕತ್ತಲಲ್ಲಿ ಕೈಯಾಡಿಸುತ್ತಿದೆ.

ಅಂಥ ಕಡೆ ನೀರು ಹೇಗೆ ಸಿಗುತ್ತದೆ? ಹಲವು ಮನೆಯವರು ಸೇರಿ ಅರ್ಜಿ ಹಾಕಬೇಕು, ಪ್ರೂಫ್ ಜೋಡಿಸಬೇಕು, ನಗರಸೇವಕರ ಪತ್ರ ತರಬೇಕು, ಲೈಸೆನ್ಸ್ ಇರುವ ಪ್ಲಂಬರ್ ಹಿಡಿಯಬೇಕು. ಒತ್ತಡ ಕಡಿಮೆ ಆದರೆ ಮೋರ್ಚಾ. ಆನಂದ್ ಹೇಳುವ ಹಾಗೆ ಪೌರತ್ವ ಇಲ್ಲಿ ಒಂದೇ ಸಲ ಸಿಕ್ಕಿ ಮುಗಿಯುವ ವಸ್ತುವಲ್ಲ. ಪೈಪು ತುಕ್ಕು ಹಿಡಿದರೆ ಅದೂ ಸೋರುತ್ತದೆ, ಮತ್ತೆ ರಿಪೇರಿ ಮಾಡಿಸಬೇಕು. ಕಟ್‌ಆಫ್ ದಾಟಿದವರಿಗೆ ನೀರಿನ ಲೈನೇ ಇಲ್ಲ ಅನ್ನುವ ನಿಯಮ ವರ್ಷಗಟ್ಟಲೆ ಇತ್ತು. 2014ರಲ್ಲಿ ಬಾಂಬೆ ಹೈಕೋರ್ಟ್, ಗುಡಿಸಲು ಅಕ್ರಮ ಆಗಿದ್ದರೂ ಅಲ್ಲಿರುವ ಮನುಷ್ಯನಿಗೆ ನೀರು ಕೊಡಬೇಕು ಎಂದಿತು.

ಈ ಎಲ್ಲ ಓಡಾಟದಲ್ಲಿ ನಡುವಿನವನು ಯಾರು ಅನ್ನುವುದು ದೊಡ್ಡ ವಿಷಯ. 1966ರಲ್ಲಿ ಹುಟ್ಟಿದ ಶಿವಸೇನೆ ಮೊದಮೊದಲು ದಕ್ಷಿಣದವರ ವಿರುದ್ಧ ತಿರುಗಿದಾಗ ಉಡುಪಿ ಹೋಟೆಲುಗಳಿಗೂ ಕಲ್ಲು ಬಿದ್ದಿತ್ತು. ಥಾಮಸ್ ಬ್ಲೋಮ್ ಹ್ಯಾನ್ಸೆನ್ ಅನ್ನುವ ಡೆನ್ಮಾರ್ಕಿನ ವಿದ್ವಾಂಸ ಸೇನೆಯ ಶಾಖೆಗಳಲ್ಲಿ, ಅಂದರೆ ಗಲ್ಲಿಗಳ ಪಕ್ಷದ ಕಚೇರಿಗಳಲ್ಲಿ, ಕೂತು ಕಂಡಿದ್ದು ಎರಡು ಮುಖ. ಒಂದು ಬೆದರಿಕೆ. ಇನ್ನೊಂದು ಆಂಬುಲೆನ್ಸ್, ಶಾಲೆ ಸೀಟು, ಗಂಡ ಹೆಂಡಿರ ಜಗಳ ಬಿಡಿಸುವುದು. ಎರಡೂ ಒಂದೇ ಮೇಜಿನ ಮೇಲೆ ನಡೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಬಲ ಬರುತ್ತದೆ. ಕೆಲಸ ಆಗಲಿ ಅಂತ ಶಾಖೆಗೆ ಹೋದ ಕನ್ನಡಿಗರೂ ಕಡಿಮೆ ಇಲ್ಲ.

ಗೆರೆ ಅಷ್ಟು ನೇರ ಇಲ್ಲ

ಚಟರ್ಜಿಯವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾನೂನಿನವರು ಒಂದು ಕಡೆ, ವಿನಾಯಿತಿಯವರು ಇನ್ನೊಂದು ಕಡೆ ಅನ್ನುವ ಹಾಗೆ ಮುಂಬೈ ನಡೆಯುವುದಿಲ್ಲ. ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡ್ ನೆನಪಿದೆಯಾ? ಎಂಬತ್ತರ ದಶಕದಲ್ಲಿ ಐದು ಮಹಡಿಗೆ ಅನುಮತಿ ಪಡೆದು ಬಿಲ್ಡರುಗಳು ಅದಕ್ಕಿಂತ ಎಷ್ಟೋ ಎತ್ತರ ಕಟ್ಟಿದ್ದರು. ಮೇಲಿನ ಮನೆಗಳು ಅಕ್ರಮ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನವೆಂಬರ್‌ನಲ್ಲಿ ಕೆಡವುವವರು ಬಂದಾಗ ನಿವಾಸಿಗಳು ಗೇಟಿಗೆ ಅಡ್ಡ ನಿಂತರು, ಟಿವಿಯವರು ಬಂದರು, ಪಕ್ಷಗಳವರು ಬಂದರು. ಅದೇ ಕೋರ್ಟು ಕೆಲಕಾಲ ತಡೆ ಕೊಟ್ಟಿತು. ಗುಂಪುಗೂಡುವುದು, ಮಾನವೀಯತೆಯ ಹೆಸರಲ್ಲಿ ವಿನಾಯಿತಿ ಕೇಳುವುದು, ನಾಯಕರನ್ನು ಹಿಡಿಯುವುದು: ರಾಜಕೀಯ ಸಮಾಜದ ಎಲ್ಲ ಲಕ್ಷಣವೂ ಅಲ್ಲಿತ್ತು. ಮನೆಯ ಬೆಲೆ ಮಾತ್ರ ಕೋಟಿಗಳಲ್ಲಿ. 2004ರ ಕೊನೆಗೆ, 2005ರ ಶುರುವಿಗೆ ಇದೇ ಊರಲ್ಲಿ ಹತ್ತಾರು ಸಾವಿರ ಗುಡಿಸಲುಗಳು ನೆಲಸಮ ಆದಾಗ ಹಾಗೆ ಓಡಿ ಬಂದವರು ಕಡಿಮೆ. ಗೋವಾದ ಬೈನಾದಲ್ಲಿ 2004ರ ಜೂನ್ ಮಳೆಯಲ್ಲಿ ಮನೆ ಕಳೆದುಕೊಂಡವರಲ್ಲಿ ಕನ್ನಡಿಗರು ಬಹಳ ಜನ ಇದ್ದರು. ಅವರ ಬಾಗಿಲಿಗೂ ಕ್ಯಾಮೆರಾ ಸಾಲುಗಟ್ಟಲಿಲ್ಲ.

ಹೋಟೆಲ್ ಮಾಲೀಕರನ್ನೇ ತಗೊಳ್ಳಿ. ತೆರಿಗೆ ಕಟ್ಟುತ್ತಾರೆ, ಸಂಘದಲ್ಲಿ ಪದಾಧಿಕಾರಿ, ಕೋರ್ಟಿಗೂ ಹೋಗಬಲ್ಲರು. ಅಪ್ಪಟ ನಾಗರಿಕ ಸಮಾಜ. ಆದರೆ ಆರೋಗ್ಯ, ಅಗ್ನಿಶಾಮಕ, ತೂಕ ಅಳತೆ, ಫುಟ್‌ಪಾತಿಗೆ ಚಾಚಿದ ಒಂದಡಿ ಛಾವಣಿ ಅಂತ ಲೈಸೆನ್ಸುಗಳ ಸಾಲಿನಲ್ಲಿ ಅವರೂ ಯಾರದೋ ಪರಿಚಯ ಹುಡುಕುತ್ತಾರೆ. ಫುಟ್‌ಪಾತ್ ವಾಸಿಗಳು ಸುಪ್ರೀಂ ಕೋರ್ಟಿಗೆ ಹೋದರು, ಶೇಠ್ಜಿಗಳು ಸೆಟ್ಟಿಂಗ್ ಮಾಡಿಕೊಂಡರು. ಯಾರ ಅಕ್ರಮವನ್ನು ಕಂಡೂ ಕಾಣದ ಹಾಗೆ ಇರಬೇಕು ಅನ್ನುವುದನ್ನು ತೀರ್ಮಾನಿಸುವ ಅಧಿಕಾರವೇ ಇಲ್ಲಿ ನಿಜವಾದ ಅಧಿಕಾರ.

ಧಾರಾವಿಯಲ್ಲಿ ಮತ್ತೆ ಎಣಿಕೆ ಬಂತು. ಪುನರಾಭಿವೃದ್ಧಿ ಯೋಜನೆಗಾಗಿ 2024ರ ಮಾರ್ಚ್‌ನಲ್ಲಿ ಸಮೀಕ್ಷೆ ಶುರುವಾಯಿತು. ಪ್ರತಿ ಮನೆಗೆ ಒಂದು ನಂಬರ್, ಲೇಸರ್ ಅಳತೆ. ನೆಲಮಹಡಿಯಲ್ಲಿದ್ದು 2000ಕ್ಕಿಂತ ಹಿಂದಿನ ಪ್ರೂಫ್ ಇದ್ದವರಿಗೆ ಧಾರಾವಿಯಲ್ಲೇ 350 ಚದರಡಿ ಮನೆ, ಪುಕ್ಕಟೆ. ಆಮೇಲೆ ಬಂದವರಿಗೆ, ಮೇಲಿನ ಮಹಡಿಯವರಿಗೆ ಧಾರಾವಿಯ ಹೊರಗೆ, ದುಡ್ಡು ಕಟ್ಟಿ ಅಥವಾ ಬಾಡಿಗೆ ಕಟ್ಟುತ್ತಾ ಪಡೆಯುವ ಮನೆ. ಹೊರಗಿನ ಕಬ್ಬಿಣದ ಏಣಿ ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ ಎಷ್ಟೋ ಕಡೆ ಇರುವುದು ಬಾಡಿಗೆಯವರು, ಕೆಲವು ಕಡೆ ಒಡಹುಟ್ಟಿದ ತಮ್ಮ. ಕರೆಂಟ್ ಮೀಟರ್ ಕೆಳಗಿನವರ ಹೆಸರಲ್ಲಿ, ರೇಷನ್ ಕಾರ್ಡ್ ಅಪ್ಪನ ಹೆಸರಲ್ಲಿ. ಅಣ್ಣ ಪಾತ್ರ, ತಮ್ಮ ಅಪಾತ್ರ. ತಾನೂ ಇದೇ ಮನೆಯಲ್ಲಿ ಹುಟ್ಟಿದವನು ಅಂತ ತಮ್ಮ ತೋರಿಸಬೇಕಾದರೆ ಅಣ್ಣ ಪ್ಲಾಸ್ಟಿಕ್ ಕವರ್ ಬಿಚ್ಚಬೇಕು. ಬಿಚ್ಚಿದರೆ ತನ್ನ 350 ಚದರಡಿಗೆ ಎಲ್ಲಿ ಪಾಲುದಾರ ಬರುತ್ತಾನೋ ಅನ್ನುವ ಅಳುಕು ಅಣ್ಣನಿಗೆ. ಇಬ್ಬರೂ ಕೇಳಲು ಹೋಗುವುದು ಮಾತ್ರ ಗಲ್ಲಿಯ ಒಬ್ಬನೇ ಕಾರ್ಯಕರ್ತನ ಹತ್ತಿರ.